ಎರಡೂ ಎಡ ತೋಳು

ಫೆಬ್ರವರಿ 4

ಚಿಂದಿ,

ನೀನು ಕಳಿಸಿದ ಮನೆಯ ಹೊಸ ನಕ್ಷೆ ತಲುಪಿತು. ಈ ಕಾಗದವನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಮುಗಿಯಲು ಎರಡು ದಿನ ಬೇಕು. ಕಾಗೆಕಾಲು ಗುಬ್ಬಿಕಾಲು ಎಂದು ನಗಬೇಡ. ಬಲಗಡೆ ಲಕ್ವ ಹೊಡೆದ ಮೇಲೆ ಎಡಗೈಗೆ ಬರವಣಿಗೆ ಕಲಿಸಿ ಎಂದು ಫಿಸಿಯೋ ಹೇಳಿದ್ದಾಳೆ, ಅದೊಂದು ಕಾರಣ. ಇನ್ನೊಂದು ಕಾರಣ ನೀನು. ಫೋನಿನಲ್ಲಿ ನನ್ನ ನಾಲಿಗೆ ತೊದಲುತ್ತದೆ. ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಹೇಳಿ ಮುಗಿಸಿ, "ಸರಿ ಹಾಗಾದ್ರೆ" ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ.

ನಕ್ಷೆಯನ್ನು ಅಂಗಡಿಯ ಗೋಡೆಗೆ ಗುಂಡುಸೂಜಿ ಚುಚ್ಚಿ ನೇತುಹಾಕಿದೆ. ಕಾಜಾ ಚಿಕ್ಕಮ್ಮ ಕಾಜಾ ಹಾಕುತ್ತಿದ್ದ ಅಂಗಿಯನ್ನು ಕೆಳಗಿಟ್ಟು ಕನ್ನಡಕ ಏರಿಸಿ ನೋಡಿದಳು. ಮೂವತ್ತು ವರ್ಷ ನನ್ನ ಪಕ್ಕ ಕೂತು ಗುಂಡಿಗೆ ಕಣ್ಣು ಹೊಲಿದವಳು ಅವಳು, ಏನು ಬಿಟ್ಟುಹೋಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

"ಅಕ್ಕ, ಇದ್ರಲ್ಲಿ ನಾನೆಲ್ಲಿ ಕೂರೋದು?" ಎಂದಳು.

"ನಿನ್ನದು ಹಾಗಿರ್ಲಿ, ನಾನೆಲ್ಲಿ ಕೂರೋದು ಅಂತ ನಾನೇ ಹುಡುಕ್ತಾ ಇದೀನಿ" ಎಂದೆ.

ಬೀದಿಗೆ ತೆರೆಯುವ ಅಂಗಡಿಯನ್ನು ನೀನು ನನ್ನ ಮಲಗುವ ಕೋಣೆ ಮಾಡಿದ್ದೀಯ. ಬೀದಿ ಬಾಗಿಲು ಮುಚ್ಚಿ ಕಿಟಕಿ. ಗಿರಾಕಿಗಳು ಬಟ್ಟೆ ಹಾಕಿ ನೋಡುತ್ತಿದ್ದ ಟ್ರಯಲ್ ರೂಮಿನ ಜಾಗದಲ್ಲಿ ಬಚ್ಚಲು. ಕಟಿಂಗ್ ಟೇಬಲ್ ಇರುವಲ್ಲಿ ಗಾಲಿಕುರ್ಚಿ ತಿರುಗಲೆಂದು ಒಂದು ವೃತ್ತ. ನನ್ನ ಹತ್ತಿರ ಗಾಲಿಕುರ್ಚಿಯೇ ಇಲ್ಲ. ಮಂಚದ ಪಕ್ಕ ಒಂದು ಕರೆಗಂಟೆ. ಒತ್ತಿದರೆ ಯಾರು ಬರುತ್ತಾರೆ ಎಂಬುದನ್ನು ಬರೆದಿಲ್ಲ. ಒಟ್ಟಿನಲ್ಲಿ ನಿನ್ನ ನಕ್ಷೆಯಲ್ಲಿ ನಾನು ಮಲಗುವುದಕ್ಕೆ ಜಾಗವಿದೆ, ಎದ್ದಿರುವುದಕ್ಕೆ ಜಾಗವಿಲ್ಲ.

ಅಜ್ಜಿಗೆ ಅರಿವೆ ಚಿಂತೆ ಎನ್ನುತ್ತಾರಲ್ಲ, ನನಗೆ ನಿಜವಾಗಿಯೂ ಅರಿವೆಯದೇ ಚಿಂತೆ. ಹನ್ನೊಂದು ಪ್ಯಾಂಟು, ನಾಲ್ಕು ಅಂಗಿ, ಒಂದು ಮದುವೆಯ ಉಡುಪು ಕೈಯಲ್ಲಿದೆ. ನೀನು ಕಳಿಸಿದ ಗಾರೆ ಮೇಸ್ತ್ರಿ ಸುತ್ತಿಗೆ ಹಿಡಿದು ಬಂದಿದ್ದ. ಅವನ ಅಂಗಿಯ ಕಂಕುಳು ಹರಿದಿತ್ತು, ಚಿಕ್ಕಮ್ಮನ ಕೈಯಲ್ಲಿ ಹೊಲಿಸಿಕೊಟ್ಟು ವಾಪಸ್ಸು ಕಳಿಸಿದೆ.

ಅಂಗಡಿಯಿಂದ,
ಅಮ್ಮ


ಫೆಬ್ರವರಿ 13

ಅಮ್ಮ,

ನಿನ್ನ ಕಾಗದ ಓದಿ ಆಫೀಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ವಯಸ್ಸಾದವರು ಬೀಳದಂತೆ ಮನೆ ಕಟ್ಟುವುದು ನನ್ನ ಕೆಲಸ. ಮೂವತ್ತಾರು ಕೋಣೆಗಳ ಹಿರಿಯರ ವಸತಿ ನಾನು ವಿನ್ಯಾಸ ಮಾಡಿದ್ದು. ಎರಡು ವರ್ಷವಾಯಿತು, ಗುರುತು ಪರಿಚಯ ಇಲ್ಲದವರು ನನ್ನ ಮಾತು ಕೇಳಿ ಅಲ್ಲಿ ನೆಮ್ಮದಿಯಾಗಿದ್ದಾರೆ. ನನ್ನ ತಾಯಿಗೆ ಮಾತ್ರ ನಾನು ಇನ್ನೂ ಬಟ್ಟೆಯ ಚೂರುಗಳ ರಾಶಿಯಲ್ಲಿ ಮಲಗಿದ್ದ ಮಗು, ಚಿಂದಿ.

ಅಂಗಡಿ ಬೀದಿಯ ಮಟ್ಟದಲ್ಲಿದೆ. ಮನೆ ಅದರ ಹಿಂದೆ, ಮೂರು ಮೆಟ್ಟಿಲು ಮೇಲೆ. ಬಚ್ಚಲು ಎಲ್ಲಕ್ಕಿಂತ ಹಿಂದೆ. ನೀನು ದಿನಕ್ಕೆ ಎಂಟು ಸಲ ಆ ಮೆಟ್ಟಿಲು ಹತ್ತಿ ಇಳಿಯುತ್ತೀಯ. ಜನವರಿಯಲ್ಲಿ ಅಲ್ಲೇ ಬಿದ್ದೆ. ಚಿಕ್ಕಮ್ಮ ಊಟಕ್ಕೆ ಹೋದವಳು ಬರುವ ತನಕ ಎರಡು ಗಂಟೆ ಅಲ್ಲೇ ಬಿದ್ದಿದ್ದೆ. ಇಳಿಜಾರು ಹಾಕೋಣವೆಂದರೆ ಇಪ್ಪತ್ತೊಂದು ಅಡಿ ಉದ್ದ ಬೇಕು, ಜಾಗವಿಲ್ಲ. ನೀನು ಮೆಟ್ಟಿಲೇ ಹತ್ತದೆ ಬದುಕುವುದಕ್ಕೆ ಇರುವ ಒಂದೇ ಕೋಣೆ ಅಂಗಡಿ. ಇದರಲ್ಲಿ ಮನಸ್ಸಿಗೆ ನೋವಾಗುವಂಥದ್ದು ಏನೂ ಇಲ್ಲ, ಬರೀ ಅಳತೆ.

ಎಪ್ಪತ್ತೊಂದು ವರ್ಷವಾಯಿತು, ಹೊಲಿದದ್ದು ಸಾಕು.

ಮೇಸ್ತ್ರಿ ಮುಂದಿನ ಸೋಮವಾರ ಬರುತ್ತಾನೆ. ಮನೆ ನನ್ನ ಹೆಸರಿನಲ್ಲಿದೆ. ಹೇಳಬಾರದಿತ್ತು, ಆದರೆ ನೀನು ಹೇಳಿಸುತ್ತಿದ್ದೀಯ.

ನಿನ್ನ ಮಗಳು


ಫೆಬ್ರವರಿ 25

ಚಿಂದಿ,

ಮನೆ ನಿನ್ನ ಹೆಸರಿನಲ್ಲಿದೆ, ಹೌದು. ನಿಮ್ಮಪ್ಪ ತೀರಿಕೊಂಡ ವರ್ಷ ಬರೆದುಕೊಟ್ಟವಳು ನಾನೇ, ಮುಂದೆ ನಿನಗೆ ಕಚೇರಿ ಕಚೇರಿ ಅಲೆದಾಟ ತಪ್ಪಲಿ ಎಂದು. ಬರೆದುಕೊಟ್ಟಿದ್ದು ನಾಲ್ಕು ಗೋಡೆ. ಗೋಡೆಗಳ ನಡುವೆ ಇರುವವಳನ್ನು ಯಾವ ಪತ್ರದಲ್ಲೂ ಬರೆದುಕೊಟ್ಟಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಇಲ್ಲಿ ಬರೆಯಬೇಕು ಅಂದುಕೊಂಡಿದ್ದೆ, ಹೋಗಲಿ ಬಿಡು, ಬರೆಯುವುದಿಲ್ಲ.

ಸೋಮವಾರ ಒಂಬತ್ತಕ್ಕೆ ಮೇಸ್ತ್ರಿ ಬಂದ. ಅಷ್ಟರಲ್ಲಿ ನಾನು ಸ್ಟೂಲಿನ ಮೇಲೆ ಕಾಲಿಟ್ಟು, ಚಿಕ್ಕಮ್ಮನ ಹೆಗಲು ಹಿಡಿದು, ಕಟಿಂಗ್ ಟೇಬಲ್ ಮೇಲೆ ಹತ್ತಿ ಕೂತಿದ್ದೆ.

"ಅಮ್ಮಾ, ಇಳೀರಿ. ಮೇಡಂ ಫೋನ್ ಮಾಡಿ ಒಡಿ ಅಂದಿದಾರೆ."

"ಒಡಿಯಪ್ಪ. ಮೊದಲು ನನ್ನ, ಆಮೇಲೆ ಟೇಬಲ್ಲು, ಆಮೇಲೆ ಗೋಡೆ."

ಪಾಪ, ಸುತ್ತಿಗೆ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತ. "ತಾಯಿ ಮಗಳ ಜಗಳದಲ್ಲಿ ಮೇಸ್ತ್ರಿ ಬಡವಾದ" ಎಂದ. ಚಿಕ್ಕಮ್ಮನಿಗೆ ಕಿವಿ ಸರಿಯಾಗಿ ಕೇಳಿಸದಿದ್ದರೂ ಇದು ಮಾತ್ರ ಕೇಳಿಸಿ ನಕ್ಕಳು.

ನೀನು ಅಳತೆ ಎಂದೆಯಲ್ಲ, ಆ ಮಾತು ನನ್ನ ತಲೆಯಲ್ಲೇ ಇತ್ತು. ನಾವು ಹೊಸ ನಮೂನೆಯ ಉಡುಪಿಗೆ ನೇರವಾಗಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಮೊದಲು ಕಾಗದದಲ್ಲಿ ಕತ್ತರಿಸಿ ಮೈಮೇಲೆ ಇಟ್ಟು ನೋಡುತ್ತೇವೆ. ನಿನ್ನ ಮನೆಯನ್ನೂ ಹಾಗೇ ನೋಡಿಬಿಡೋಣ ಎಂದು ಮೇಸ್ತ್ರಿಗೆ ಹೇಳಿದೆ. ಅವನು ನಕ್ಷೆ ನೋಡಿ ಅಳತೆ ಕೂಗಿದ, ಚಿಕ್ಕಮ್ಮ ದಪ್ಪ ಕಾಗದ ಕತ್ತರಿಸಿದಳು. ಟೇಬಲ್ ಅನ್ನು ಬೀದಿಗಿಟ್ಟು ಇಡೀ ನಕ್ಷೆಯನ್ನು ನೆಲದ ಮೇಲೆ ಹಾಸಿದೆವು. ಮಂಚ ಇಷ್ಟು, ಓಡಾಡುವ ದಾರಿ ಇಷ್ಟು, ಬಚ್ಚಲು ಇಷ್ಟು. ಹಿಡಿದು ನಡೆಯಲೆಂದು ನೀನು ಕಂಬಿ ತೋರಿಸಿದ ಕಡೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ನಾನು ಕೋಲು ಬದಿಗಿಟ್ಟು ಎಡಗೈಯನ್ನು ಗೆರೆಯ ಮೇಲೆ ಇಟ್ಟುಕೊಂಡು ನಡೆದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಲಗೈ ಸತ್ತಿದೆ ಎಂದು ನೆನಪಿಟ್ಟುಕೊಂಡು ಎಡಗಡೆಯೇ ಕಂಬಿ ಹಾಕಿದ್ದೀಯ ಎಂದು ಹೆಮ್ಮೆಯೂ ಆಯಿತು. ಬಚ್ಚಲಿನ ತನಕ ಹೋದೆ, ಅಲ್ಲಿಟ್ಟಿದ್ದ ಕುರ್ಚಿಯಲ್ಲಿ ಕೂತೆ, ಎದ್ದೆ, ತಿರುಗಿದೆ. ಗೆರೆ ಬಲಗಡೆ ಬಂತು. ಜೋತುಬಿದ್ದ ಕೈಯ ಕಡೆ. ಎಡಗಡೆ ಬರೀ ಗಾಳಿ. ಮೇಸ್ತ್ರಿ ಕೈ ಚಾಚಿದ, ಮುಟ್ಟಬೇಡ ಎಂದೆ. ಮನೆ ಕಟ್ಟಿ ಮುಗಿದ ಮೇಲೆ ನೀನು ಅಲ್ಲಿರುತ್ತೀಯಾ ಎಂದು ಅವನನ್ನೇ ಕೇಳಿದೆ.

ಹೊಲಿಗೆ ಕಲಿಯಲು ಬಂದವರು ಮೊದಲ ತಿಂಗಳು ಮಾಡುವ ತಪ್ಪೊಂದಿದೆ. ಕಾಗದವನ್ನು ಮಗುಚಿ ಇಡದೆ ಒಂದೇ ಮಗ್ಗುಲಲ್ಲಿ ಎರಡು ಸಲ ಇಟ್ಟು ಕತ್ತರಿಸುತ್ತಾರೆ. ಎರಡೂ ಎಡ ತೋಳು. ಮೇಜಿನ ಮೇಲೆ ನೋಡಲು ಎರಡೂ ಸೊಗಸು, ಹೊಲಿಯಲು ಕೂತಾಗಲೇ ಬಲಗೈಗೆ ತೋಳಿಲ್ಲ ಎಂದು ಗೊತ್ತಾಗುವುದು. ನೀನೂ ಅದನ್ನೇ ಮಾಡಿದ್ದೀಯ. ಒಳಗೆ ಹೋದವಳು ತಿರುಗಿ ಬರುತ್ತಾಳೆ ಕಣೇ.

ನೀನು ಯಾವುದೋ ಪುಸ್ತಕದ ಮುದುಕಿಗೆ ಮನೆ ಕಟ್ಟಿದ್ದೀಯ. ನನ್ನ ಅಳತೆ ತೆಗೆದಿಲ್ಲ. ಈ ಬೀದಿಯಲ್ಲಿ ಯಾರಿಗೆ ವಯಸ್ಸಾಗುತ್ತಿದೆ ಎಂದು ಮೊದಲು ಗೊತ್ತಾಗುವುದು ನನಗೆ. ಒಂದು ಭುಜ ಅರ್ಧ ಇಂಚು ಇಳಿಯುತ್ತದೆ. ಬೆನ್ನು ಬಾಗಿದವರ ಅಂಗಿ ಹಿಂದೆ ಮೇಲೇರುತ್ತದೆ, ಕೇಳದೆಯೇ ಹಿಂದಿನ ಉದ್ದ ಹೆಚ್ಚಿಸುತ್ತೇನೆ. ಮೂಲೆಮನೆಯ ಹೆಡ್ಮಿಸ್ಸಿಗೆ ಬೆರಳು ಬಿಗಿದು ಗುಂಡಿ ಹಾಕಲು ಆಗುತ್ತಿರಲಿಲ್ಲ, ಹೇಳಲು ನಾಚಿಕೆ. ಮೇಲೆ ನೋಟಕ್ಕೆ ಗುಂಡಿ ಹೊಲಿದು ಒಳಗೆ ಒತ್ತಿದರೆ ಕೂಡುವ ಟಿಚ್ ಬಟನ್ ಇಟ್ಟುಕೊಟ್ಟೆ. ಮುಂದಿನ ವಾರ ಆಕೆ ಮನೆಯಲ್ಲಿದ್ದ ಆರೂ ರವಿಕೆ ತಂದುಕೊಟ್ಟರು. ಈ ಕೆಲಸ ಸಾಕು ಎನ್ನುತ್ತೀಯಲ್ಲ, ಬಿಟ್ಟರೆ ನಾನು ಏನಾಗಿ ಉಳಿಯುತ್ತೇನೆ ಎಂದು ಯೋಚಿಸಿದೆಯಾ?

ಗೋಡೆ ಒಡೆಯಲು ಬಿಡುವುದಿಲ್ಲ.

ಅಮ್ಮ


ಏಪ್ರಿಲ್ 6

ಅಮ್ಮ,

ಐದು ವಾರ ಬರೆಯಲಿಲ್ಲ. ಮೊದಲ ವಾರ ಸಿಟ್ಟು. ಎರಡನೆಯ ವಾರ ಆ ಮೂವತ್ತಾರು ಕೋಣೆಗಳ ಕಟ್ಟಡಕ್ಕೆ ಹೋದೆ.

ಎಲ್ಲ ಬಚ್ಚಲುಗಳಲ್ಲೂ ಕಂಬಿ ಒಂದೇ ಕಡೆ. ಮೊದಲ ಮಹಡಿಯಲ್ಲಿ ಒಬ್ಬರು ನಿವೃತ್ತ ರೈಲ್ವೆ ಗಾರ್ಡ್ ಇದ್ದಾರೆ, ನಿನ್ನ ಹಾಗೇ ಬಲಗೈ ಬಿದ್ದುಹೋಗಿದೆ. ಹೊರಗೆ ಹೇಗೆ ಬರುತ್ತೀರಿ, ತೋರಿಸಿ ಎಂದೆ. ಅವರು ಎಡಗೈಯಲ್ಲಿ ಕಂಬಿ ಹಿಡಿದು ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು, ಬೆನ್ನು ಮೊದಲು ಮಾಡಿಕೊಂಡು ಹೊರಗೆ ಬಂದರು.

"ಎರಡು ವರ್ಷದಿಂದ ಹೀಗೇನಾ ಸಾರ್?"

"ಹೂಂ. ಗಾರ್ಡ್ ಅಲ್ವೇನಮ್ಮ, ಹಿಂದಕ್ಕೆ ನೋಡೋದು ಅಭ್ಯಾಸ."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅವರು ನಗುತ್ತಾ ಹೇಳಿದರು. ನಾನು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಎಲ್ಲ ಕೋಣೆಗಳಲ್ಲೂ ಎರಡನೆಯ ಕಂಬಿ ಹಾಕಿಸುತ್ತಿದ್ದೇನೆ. ತಪ್ಪು ನನ್ನದು ಎಂದು ಆಫೀಸಿನಲ್ಲಿ ಎದ್ದು ನಿಂತು ಹೇಳಿದೆ. ನಿನ್ನ ಕಾಗದ ಓದಿ ನಕ್ಕವರು ಈ ಸಲ ನಗಲಿಲ್ಲ.

ಆದರೆ ಅಂಗಡಿಯ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ. ನಾಳೆ ನಿನಗೆ ನಿಜವಾಗಿಯೂ ಗಾಲಿಕುರ್ಚಿ ಬೇಕಾದರೆ?

ಇನ್ನೊಂದು ಹೇಳಬೇಕು. ಅದಕ್ಕೇ ಮೂರು ವಾರ ಹಿಡಿಯಿತು. ಜನವರಿಯಲ್ಲಿ ಮೆಟ್ಟಿಲ ಮೇಲೆ ಬಿದ್ದಾಗ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕಟ್ ಮಾಡಿದ್ದು ನಾನು. ನೆಟ್‌ವರ್ಕ್ ಇರಲಿಲ್ಲ ಎಂದು ಆಮೇಲೆ ಹೇಳಿದ್ದು ಸುಳ್ಳು. ಮೀಟಿಂಗಿನಲ್ಲಿದ್ದೆ. ಹಿರಿಯರು ತಮ್ಮ ಮನೆಯಲ್ಲೇ ಧೈರ್ಯವಾಗಿ ಬಾಳುವಂತಾಗಬೇಕು ಎಂದು ಹನ್ನೊಂದು ಜನರಿಗೆ ಹೇಳುತ್ತಿದ್ದೆ. ಮೂರನೆಯ ಸಲಕ್ಕೆ ಫೋನನ್ನೇ ಆಫ್ ಮಾಡಿದೆ. ಅಂದಿನಿಂದ ಕಣ್ಣು ಮುಚ್ಚಿದರೆ ಆ ಮೂರು ಮೆಟ್ಟಿಲೇ ಕಾಣುತ್ತದೆ.

ಚಿಂದಿ


ಏಪ್ರಿಲ್ 15

ಚಿಂದಿ,

ಗೊತ್ತು. ಎರಡು ಸಲ ರಿಂಗ್ ಆಗಿ ನಿಂತರೆ ಕೈಯಾರೆ ನಿಲ್ಲಿಸಿದ್ದು ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನೋವಾಯಿತು, ಆಗಲಿಲ್ಲ ಎನ್ನುವುದಿಲ್ಲ. ಆದರೆ ಎದುರಿಗೆ ಗಿರಾಕಿ ನಿಂತಿದ್ದಾಗ ಮಂಡಿ ತರಚಿಕೊಂಡು ಬಂದ ನಿನ್ನನ್ನು ನಾನೂ "ಆಮೇಲೆ ಬಾ" ಎಂದು ಅಟ್ಟಿದವಳೇ. ಒಂದೆರಡು ಸಲವಲ್ಲ.

ಈಗ ನನಗೆ ಎಲ್ಲ ಅರ್ಥವಾಯಿತು. ಒಂದು ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ನೀನು ಫೋನ್ ಕಟ್ ಮಾಡಿದ್ದಕ್ಕೆ ನನ್ನ ಅಂಗಡಿ ಯಾಕೆ ಶಿಕ್ಷೆ ಅನುಭವಿಸಬೇಕು? ನಿನಗೆ ನಿದ್ದೆ ಬರಲಿ ಎಂದು ನಾನು ಹಗಲೆಲ್ಲ ಮಂಚದ ಮೇಲೆ ಮಲಗಿರಬೇಕಾ? ನಿನ್ನ ಭಯಕ್ಕೆ ನೀನೇ ಬೇರೆ ಮನೆ ಕಟ್ಟಿಕೊ. ಇದು ನನ್ನ ಮನೆ.

ಗಾಲಿಕುರ್ಚಿ ಬೇಕಾದರೆ ಎಂದೆಯಲ್ಲ. ಬೆಳೆಯುವ ಹುಡುಗಿಯ ಲಂಗಕ್ಕೆ ನಾವು ಒಳಗೆ ಎರಡು ಇಂಚು ಮಡಚಿ ಬಿಡುತ್ತೇವೆ. ಮುಂದೆ ಉದ್ದವಾಗುತ್ತಾಳೆಂದು ಇವತ್ತೇ ಉದ್ದದ ಲಂಗ ತೊಡಿಸಿ ಎಡವಿ ಬೀಳಿಸುವುದಿಲ್ಲ. ಮನೆಯಲ್ಲೂ ಹಾಗೇ ಮಡಚಿ ಬಿಡು. ಟ್ರಯಲ್ ರೂಮಿನಲ್ಲಿ ಈಗಲೇ ಒಂದು ಶೌಚಾಲಯ ಮಾಡು, ಬಾಗಿಲು ನಿನ್ನ ಪುಸ್ತಕದಲ್ಲಿರುವಷ್ಟೇ ಅಗಲ ಇರಲಿ, ಕಂಬಿ ಎರಡೂ ಕಡೆ. ದಿನಕ್ಕೆ ಎಂಟು ಸಲ ಮೆಟ್ಟಿಲು ಹತ್ತುವುದು ಎರಡಕ್ಕೆ ಇಳಿಯುತ್ತದೆ. ಸ್ನಾನಕ್ಕೆ ಬೇಕಾದ ಪೈಪನ್ನು ನೆಲದೊಳಗೆ ಹಾಕಿ ಮುಚ್ಚಿಡು. ನನ್ನ ಕಾಲು ಪೂರ್ತಿ ಸೋತ ದಿನ ಟೇಬಲ್ ಪಕ್ಕಕ್ಕೆ ಸರಿಸಿ ಮಂಚ ಹಾಕೋಣ. ಆ ದಿನ ಬಂದಾಗ ನಾನೇ ಹೇಳುತ್ತೇನೆ.

ಚಿಕ್ಕಮ್ಮನ ಕೈಯಲ್ಲಿ ನನ್ನ ಅಳತೆ ತೆಗೆಸಿದೆ, ಬರೆದುಕೊ. ಬಲಗಾಲು ಎತ್ತುವುದು ನಾಲ್ಕು ಇಂಚು. ನಮ್ಮ ಮೆಟ್ಟಿಲು ಒಂದೊಂದೂ ಏಳು ಇಂಚು, ಅದಕ್ಕೇ ಬಿದ್ದೆ. ಮೂರನ್ನು ಒಡೆದು ಮೂರೂವರೆ ಇಂಚಿನ ಆರು ಗಿಡ್ಡ ಮೆಟ್ಟಿಲು ಮಾಡು, ಪಾದವೂ ಕೋಲೂ ಒಟ್ಟಿಗೆ ಹಿಡಿಸುವಷ್ಟು ಅಗಲ. ಕೂತಾಗ ಎಡಗೈ ನೆಲದಿಂದ ಐವತ್ತೆರಡು ಇಂಚಿನ ತನಕ ಮೇಲೆ ಹೋಗುತ್ತದೆ, ಅದಕ್ಕಿಂತ ಮೇಲಿನ ಸ್ವಿಚ್ಚು ನನ್ನದಲ್ಲ. ಕಟಿಂಗ್ ಟೇಬಲ್ ಎಂಟು ಇಂಚು ಗಿಡ್ಡವಾಗಬೇಕು, ಇನ್ನು ಕೂತೇ ಕೆಲಸ. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ, ಕತ್ತರಿ ಚಿಕ್ಕಮ್ಮನದು. ಅವಳು ಬೈದುಕೊಂಡೇ ಕಲಿಯುತ್ತಿದ್ದಾಳೆ.

ಇಷ್ಟಕ್ಕೂ ಈ ಅಳತೆಯನ್ನು ನಂಬಬೇಡ. ಗಿರಾಕಿ ಹೇಳಿದ ಅಳತೆಗೆ ಯಾವ ದರ್ಜಿಯೂ ಬಟ್ಟೆ ಕತ್ತರಿಸುವುದಿಲ್ಲ. ನೀನೇ ಬಂದು ತೆಗೆದುಕೊ.

ಅಮ್ಮ


ಮೇ 2

ಅಮ್ಮ,

ಎಂಟು ದಿನ ರಜೆ ಹಾಕಿದ್ದೇನೆ. ನಕ್ಷೆ ತರುವುದಿಲ್ಲ, ಟೇಪು ತರುತ್ತೇನೆ. ನೀನು ಕೇಳಿದ ನೇರ ಉತ್ತರ: ಅಂಗಡಿಗೆ ಶಿಕ್ಷೆ ಬೇಡ, ನನ್ನ ಭಯ ನನ್ನ ಹತ್ತಿರವೇ ಇರಲಿ.

ಮೇಸ್ತ್ರಿಗೆ ಫೋನ್ ಮಾಡಿದೆ. "ಇಬ್ರೂ ಮಾತಾಡ್ಕೊಂಡ್ರಾ ಮೇಡಂ? ಬರ್ಬಹುದಾ?" ಎಂದು ಎರಡೆರಡು ಸಲ ಕೇಳಿದ.

ಚಿಂದಿ


ಜುಲೈ 18

ಚಿಂದಿ,

ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ. ಮೊನ್ನೆ ಮಂಗಳವಾರ ಬಿದ್ದೆ.

ನೀನು ಬಂದು ಕಟ್ಟಿಸಿದ ಗಿಡ್ಡ ಮೆಟ್ಟಿಲ ಮೇಲಲ್ಲ, ಅವುಗಳ ತಪ್ಪೇನೂ ಇಲ್ಲ. ಅಂಗಡಿಯಲ್ಲೇ, ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಹೋಗಿ. ಯಾವ ನಕ್ಷೆಯೂ ತಡೆಯಲಾಗದ ಬರೀ ನನ್ನ ಮೊದ್ದುತನ. ಚಿಕ್ಕಮ್ಮ ಓಡಿಬಂದಳು. "ಮುಟ್ಟಿದ್ರೆ ನೋಡು, ಹೋಗಿ ಕೂತ್ಕೋ" ಎಂದೆ. ಕೂತು ಅಳುತ್ತಾ ಮೂರು ಕಾಜಾ ಸೊಟ್ಟಗೆ ಹಾಕಿದಳು, ಆಮೇಲೆ ಬಿಚ್ಚಿಸಿದೆ.

ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನೀನೊಂದು ಕಂಬಿ ಹಾಕಿಸಿದ್ದೆಯಲ್ಲ, ಇದು ಬೆಕ್ಕಿಗಾ ಎಂದು ನಾನು ಹಂಗಿಸಿದ್ದೆ. ಅಲ್ಲಿಯ ತನಕ ತೆವಳಿಕೊಂಡು ಹೋದೆ. ಅದನ್ನು ಹಿಡಿದೆ, ಅದರಿಂದ ಮೇಲಿನ ಕಂಬಿ, ಅಲ್ಲಿಂದ ಟೇಬಲ್ಲಿನ ಅಂಚು. ಇಪ್ಪತ್ತೈದು ನಿಮಿಷವಾಯಿತು. ನಡುವೆ ಪ್ಯಾಂಟು ತೆಗೆದುಕೊಂಡು ಹೋಗಲು ಒಬ್ಬರು ಬಂದು ಬಾಗಿಲಲ್ಲಿ ಹೌಹಾರಿ ನಿಂತರು. "ಐದು ನಿಮಿಷ ಕೂತ್ಕೊಳ್ಳಿ, ಬಂದೆ" ಎಂದು ನೆಲದ ಮೇಲಿಂದಲೇ ಹೇಳಿದೆ. ಕೂತರು. ಎದ್ದು ನಿಂತು ಪ್ಯಾಂಟು ಮಡಚಿ ಕೊಟ್ಟೆ.

ಮೂಳೆ ಮುರಿದಿಲ್ಲ, ಡಾಕ್ಟರು ನೋಡಿದರು. ಮೊಣಕಾಲು ಮಾತ್ರ ನೀಲಿಗಟ್ಟಿದೆ. ಹೆದರಿಕೆಯಾಯಿತು ಕಣೇ. ಎದ್ದು ನಿಂತಾಗ ಆದ ಸಂತೋಷ ಹೆದರಿಕೆಗಿಂತ ದೊಡ್ಡದಿತ್ತು.

ಇನ್ನೂ ಬೀಳುತ್ತೇನೆ. ಯಾವತ್ತೋ ಒಂದು ದಿನ ಏಳದೆಯೂ ಇರಬಹುದು. ಅದೂ ನನ್ನ ಅಂಗಡಿಯಲ್ಲೇ ಆಗಲಿ. ಇದನ್ನು ಓದಿದ ತಕ್ಷಣ ನೀನು ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿಗೆ ಓಡುತ್ತೀಯ, ನಿನ್ನನ್ನು ಹೆತ್ತವಳು ನಾನು, ಗೊತ್ತು. ಬಿದ್ದೆ ಎಂದು ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ನೋಡಬೇಕು ಅನ್ನಿಸಿದಾಗ ಬಾ.

ಅಮ್ಮ


ಜುಲೈ 22

ಅಮ್ಮ,

ಕಾಗದ ಓದಿದ ತಕ್ಷಣ ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಟಿಕೆಟ್ ತೆಗೆದುಕೊಂಡು ಕಿಟಕಿಯ ಪಕ್ಕ ಕೂತೂ ಆಗಿತ್ತು. ನೀನು ನೆಲದ ಮೇಲೆ ತೆವಳುವುದು ಕಣ್ಣಿಗೆ ಕಟ್ಟುತ್ತಿತ್ತು. ಆಮೇಲೆ ನೀನು ಪ್ಯಾಂಟು ಮಡಚಿ ಕೊಟ್ಟಿದ್ದು ನೆನಪಾಯಿತು.

ಇಳಿದುಬಿಟ್ಟೆ. ಬಸ್ಸು ಕಣ್ಮರೆಯಾಗುವ ತನಕ ಅಲ್ಲೇ ನಿಂತಿದ್ದೆ. ಈ ಮನೆಗಾಗಿ ನಾನು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ.

ಮುಂದಿನ ತಿಂಗಳು ಬರುತ್ತೇನೆ, ನೋಡಬೇಕು ಅನ್ನಿಸಿದೆ ಎಂದು. ಮೊಣಕಾಲಿನ ವಿಷಯ ಕೇಳಬಾರದು ಎಂದು ಗಟ್ಟಿಮನಸ್ಸು ಮಾಡಿ ಬರೆಯಲು ಕೂತಿದ್ದೆ.

ಹೇಗಿದೆ?

ಚಿಂದಿ